ಭಾನುವಾರದ ಚಿತ್ರಕಥೆ ಕೂಟ: ಬರುವವರು ಓದಿಕೊಳ್ಳಿ

ಗೆಳೆಯರೇ, ಈ ಭಾನುವಾರ ಬೆಳಿಗ್ಗೆ 7ಕ್ಕೆ ಬಳ್ಳಾರಿ ಕೋಟೆ ಗುಡ್ಡದ ಕೆಳಗೆ ಸೇರೋಣ. ಬಿಸಿಲೇರಿದ ಮೇಲೆ ಅಲ್ಲಿ ಕೂರಲು ಆಗುವುದಿಲ್ಲ, ಗೊತ್ತಲ್ಲ.

ನಮ್ಮಲ್ಲಿ ಜಾಸ್ತಿ ಜನ ಆಫೀಸಿನಲ್ಲಿ ಸುಸ್ತಾಗಿಯೇ ಬರೆಯಲು ಕೂತವರು. ತಿಂಗಳ ಕೊನೆಯ ಲೆಕ್ಕ, ಕೈಕೊಟ್ಟ ಸರ್ವರ್, "ನಾಳೆ ಬಾ" ಅನ್ನಿಸಿಕೊಂಡು ವಾಪಸ್ ಹೋಗುವ ಅಜ್ಜ. ಮನೆಗೆ ಬಂದರೂ ಇವು ತಲೆ ಬಿಡುವುದಿಲ್ಲ. ಅವನ್ನೇ ದೃಶ್ಯ ಮಾಡಿ ತನ್ನಿ. ಸಾಹೇಬರ ಹೆಸರು ಮಾತ್ರ ಬೇಡ, ಕೆಲಸ ಉಳಿಯಬೇಕು ಅಲ್ವಾ!

ಪ್ರತಿ ದೃಶ್ಯದ ತಲೆಯಲ್ಲಿ ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು ಅಂತ ಹಾಕಿ. ಕೆಳಗೆ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಅಷ್ಟೇ. "ಅವನಿಗೆ ಬೇಸರ" ಅಂತ ಸುಮ್ನೆ ಬರೆದರೆ ಕ್ಯಾಮೆರಾ ಏನು ಹಿಡಿಯಬೇಕು? ಸೀಲು ಒತ್ತುತ್ತಲೇ ಇದ್ದಾನೆ, ಇಂಕು ಒಣಗಿದ್ದನ್ನು ನೋಡಿಲ್ಲ ಅಂತ ಬರೆಯಿರಿ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಅನ್ನುವುದು ಇಂಗ್ಲಿಷ್ ಟೈಪಿನ ಅಂದಾಜು. ಕನ್ನಡಕ್ಕೆ ಅದು ಹಾಗೇ ಕೂರುವುದಿಲ್ಲ. ಜೋರಾಗಿ ಓದಿ, ಗಡಿಯಾರ ನೋಡಿ.

ಎರಡು ಪುಟ ಸಾಕು. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಖರ್ಚು ಎಲ್ಲರೂ ಹಂಚಿಕೊಳ್ಳೋಣ.