ಸೈರನ್ ಕೂಗಿದರೆ ಶಾಲೆಯ ಗೇಟಿಗೆ ಓಡಿ ಬರಬೇಡಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಈ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ನಮ್ಮ ಶಾಲೆಯಲ್ಲಿ ಸೈರನ್ ಅಭ್ಯಾಸ ಇದೆ. ಮಕ್ಕಳು ಮನೆಗೆ ಬಂದು ಅದಕ್ಕೆ ಇನ್ನಷ್ಟು ಸೇರಿಸಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೆದರುವಂಥದ್ದು ಏನೂ ಇಲ್ಲ. ಇದು ಬರೀ ಅಭ್ಯಾಸ.

2025ರ ಮೇ 7ರಂದು ದೇಶದ 244 ಸಿವಿಲ್ ಡಿಫೆನ್ಸ್ (ನಾಗರಿಕ ರಕ್ಷಣೆ) ಜಿಲ್ಲೆಗಳಲ್ಲಿ ಮಾಕ್ ಡ್ರಿಲ್ ಮಾಡಲು ಕೇಂದ್ರ ಗೃಹ ಇಲಾಖೆ ಹೇಳಿದ್ದು ನಿಮಗೆ ನೆನಪಿರಬಹುದು. ಆಗ ಬೇಸಿಗೆ ರಜೆ, ಮಕ್ಕಳೆಲ್ಲ ಟಿವಿ ಮುಂದೆ. ಕೆಲವು ಚಾನೆಲ್‌ಗಳು ಸುದ್ದಿಯ ಹಿಂದೆ ಸೈರನ್ ಸದ್ದು ಹಾಕುತ್ತಲೇ ಇದ್ದವು. ಕೊನೆಗೆ ಸರಕಾರವೇ, ಜನಜಾಗೃತಿಗೆ ಬಿಟ್ಟು ಬೇರೆ ಯಾವುದಕ್ಕೂ ಆ ಸದ್ದು ಬಳಸಬೇಡಿ ಎಂದು ಮಾಧ್ಯಮಗಳಿಗೆ ತಿಳಿಸಬೇಕಾಯಿತು. ಸರಿಯಾದ ಮಾತೇ. ದಿನಾ ಕೇಳಿದ ಸದ್ದಿಗೆ ಕಿವಿ ಹೊಂದಿಕೊಂಡುಬಿಡುತ್ತದೆ, ನಿಜವಾಗಿ ಕೂಗಿದ ದಿನ ಯಾರೂ ಏಳುವುದಿಲ್ಲ. ನಿಮ್ಮ ಮೊಬೈಲಿನಲ್ಲಿ ತಮಾಷೆಗೆ ಇಟ್ಟುಕೊಂಡ ಸೈರನ್ ರಿಂಗ್‌ಟೋನ್ ಇದ್ದರೆ ದಯವಿಟ್ಟು ತೆಗೆದುಬಿಡಿ.

ಕಲಿಯಬೇಕಾದದ್ದು ಎರಡೇ ಸದ್ದು. ಏರುತ್ತಾ ಇಳಿಯುತ್ತಾ ಎರಡು ನಿಮಿಷ ಕೂಗಿದರೆ ವಿಮಾನ ದಾಳಿಯ ಎಚ್ಚರಿಕೆ, ಒಳಗೆ ಹೋಗಬೇಕು. ಒಂದೇ ಸಮನೆ ಎರಡು ನಿಮಿಷ ಕೂಗಿದರೆ ಅಪಾಯ ಕಳೆಯಿತು, ಹೊರಗೆ ಬರಬಹುದು. ಮೊನ್ನೆ ಐದನೇ ಕ್ಲಾಸಿನಲ್ಲಿ ಕೇಳಿದಾಗ ಮುಕ್ಕಾಲು ಪಾಲು ಮಕ್ಕಳು ಉಲ್ಟಾ ಹೇಳಿದರು. ‘ನಿಲ್ಲಿಸದೆ ಕೂಗಿದ್ರೆ ಅಲ್ವಾ ಟೀಚರ್ ಜಾಸ್ತಿ ಡೇಂಜರ್?’ ಎಂದು ಒಬ್ಬಳ ಪ್ರಶ್ನೆ. ಯೋಚಿಸಿದರೆ ಅವಳು ಹೇಳಿದ್ದರಲ್ಲೂ ನ್ಯಾಯ ಇದೆ. ಹಾಗಾಗಿ ಮನೆಯಲ್ಲಿ ನೀವೇ ಬಾಯಲ್ಲಿ ಕೂಗಿ ತೋರಿಸಿ. ಅಕ್ಕಪಕ್ಕದವರು ನಕ್ಕರೆ ನಗಲಿ.

ಇನ್ನೊಂದು ಗೊಂದಲ ಬಣ್ಣದ್ದು. ನಮ್ಮ ಕರಾವಳಿಯಲ್ಲಿ ರೆಡ್ ಅಲರ್ಟ್ ಎಂದರೆ ಮಕ್ಕಳಿಗೆ ಮಳೆ, ರಜೆ ಮತ್ತು ಖುಷಿ. ಸಿವಿಲ್ ಡಿಫೆನ್ಸ್‌ನಲ್ಲೂ ಹಳದಿ, ಕೆಂಪು, ಹಸಿರು, ಬಿಳಿ ಎಂಬ ಸಂದೇಶಗಳಿವೆ. ಹಳದಿ ಎಂದರೆ ಕಂಟ್ರೋಲ್ ರೂಮಿನಂಥ ಜಾಗಗಳಿಗೆ ಮಾತ್ರ ಹೋಗುವ ಗುಟ್ಟಿನ ಮುನ್ಸೂಚನೆ. ಕೆಂಪು ಬಂದಾಗ ಊರಿಗೆ ಕೇಳುವ ಸೈರನ್. ಹವಾಮಾನ ಇಲಾಖೆಯ ಬಣ್ಣಗಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ಸುರತ್ಕಲ್, ಕುಳಾಯಿ, ಪಣಂಬೂರು ಕಡೆಯವರಿಗೆ ಸೈರನ್ ಹೊಸತೇನಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಬಂದರಿನಲ್ಲಿ, ರಿಫೈನರಿಯಲ್ಲಿ, ಗೊಬ್ಬರದ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವ ದೊಡ್ಡ ಕಾರ್ಖಾನೆಗಳು 1989ರ ನಿಯಮದಂತೆ ಆರು ತಿಂಗಳಿಗೊಮ್ಮೆ ಒಳಗೆ ಅಣಕು ಕಾರ್ಯಾಚರಣೆ ಮಾಡಲೇಬೇಕು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅನಿಲ ಸೋರಿಕೆಗೆ ಮಾಡಬೇಕಾದದ್ದು ಬೇರೆ: ಕಿಟಕಿ ಬಾಗಿಲು ಮುಚ್ಚಿ, ಮೂಗಿಗೆ ಒದ್ದೆ ಬಟ್ಟೆ ಹಿಡಿದು ಒಳಗಿರುವುದು, ಹೊರಡಲು ಹೇಳಿದರೆ ಗಾಳಿಗೆ ಅಡ್ಡವಾಗಿ ಹೋಗುವುದು. ವಿಮಾನ ದಾಳಿಯ ಸೈರನ್‌ಗೆ ನಾವು ಮೇಲಿನ ಮಹಡಿಯ ಮಕ್ಕಳನ್ನು ಕೆಳಗಿಳಿಸಿ, ಗಾಜಿನಿಂದ ದೂರ, ಒಳಗೋಡೆಯ ಪಕ್ಕ ಕೂರಿಸುತ್ತೇವೆ. ಎರಡನ್ನೂ ಬೇರೆ ಬೇರೆ ದಿನ ಕಲಿಸುತ್ತೇವೆ.

ಮಳೆಗಾಲದಲ್ಲಿ ನಮಗೊಂದು ವಿಚಿತ್ರ ಸಮಸ್ಯೆ. ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಪಾಠ ಮಾಡುವ ಟೀಚರಿನ ಸ್ವರವೇ ಕೇಳುವುದಿಲ್ಲ, ದೂರದ ಸೈರನ್ ಕೇಳುತ್ತದಾ? ಹಾಗಾಗಿ ನಮ್ಮ ಅಟೆಂಡರ್ ಕೈಗಂಟೆ ಹಿಡಿದು ಕ್ಲಾಸಿನಿಂದ ಕ್ಲಾಸಿಗೆ ಹೋಗುತ್ತಾರೆ. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ಒಂದನೇ ಕ್ಲಾಸಿನವರು ಗಂಟೆ ಕೇಳಿದ ಕೂಡಲೇ ಬುತ್ತಿ ಹಿಡಿದುಕೊಂಡು ಏಳುತ್ತಾರೆ, ಊಟದ ಬೆಲ್ ಎಂದುಕೊಂಡು. ಅದನ್ನು ಇನ್ನೂ ತಿದ್ದುತ್ತಿದ್ದೇವೆ.

ಈಗ ಮುಖ್ಯ ವಿಷಯ. ಸೈರನ್ ಕೂಗಿದರೆ ಶಾಲೆಗೆ ಓಡಿ ಬರಬೇಡಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮುನ್ನೂರು ಮನೆಯವರು ಸ್ಕೂಟರ್, ರಿಕ್ಷಾ, ಕಾರು ತೆಗೆದುಕೊಂಡು ಹೆದ್ದಾರಿಗೆ ಇಳಿದರೆ ಆಂಬುಲೆನ್ಸ್ ಎಲ್ಲಿಂದ ಹೋಗಬೇಕು? ಗೇಟಿನಲ್ಲಿ ಬೊಬ್ಬೆ ಎದ್ದರೆ ಒಳಗೆ ಸುಮ್ಮನೆ ಕೂತ ಮಕ್ಕಳೂ ಅಳಲು ಶುರು ಮಾಡುತ್ತಾರೆ. ಒಂದೇ ಸಮನೆ ಕೂಗುವ ಸೈರನ್ ಆಗುವವರೆಗೆ ಗೇಟು ತೆರೆಯುವುದಿಲ್ಲ, ಯಾರು ಬಂದು ಕೇಳಿದರೂ. ಆಮೇಲೆ ಕ್ಲಾಸ್ ಗ್ರೂಪಿನಲ್ಲಿ ಸಂದೇಶ ಹಾಕುತ್ತೇವೆ. ಫೋನ್ ಮಾಡಬೇಡಿ. ಶಾಲೆಗೆ ಇರುವುದು ಒಂದೇ ಲೈನ್, ಅದು ಕಂಟ್ರೋಲ್ ರೂಮಿನವರಿಗೆ ಬೇಕು.

ರಾತ್ರಿ ಬ್ಲ್ಯಾಕೌಟ್, ಅಂದರೆ ಮೇಲಿನಿಂದ ಊರು ಕಾಣದಂತೆ ಬೆಳಕು ಮರೆಮಾಡುವುದರ ಬಗ್ಗೆಯೂ ಕೆಲವರು ಕೇಳಿದ್ದೀರಿ. 1971ರ ಯುದ್ಧದ ಹೊತ್ತಲ್ಲಿ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ವಾಹನಗಳ ಹೆಡ್‌ಲೈಟಿಗೆ ಅರ್ಧ ಕಪ್ಪು ಬಳಿದರೆ ಸಾಕಿತ್ತು. ಈಗ ಮೈನ್ ಸ್ವಿಚ್ ಆಫ್ ಮಾಡಿದ ಕೂಡಲೇ ಇನ್ವರ್ಟರ್ ತಾನಾಗಿ ಎದ್ದು ಮನೆಯೆಲ್ಲ ಬೆಳಗುತ್ತದೆ! ಅಂಗಳದ ಸೋಲಾರ್ ದೀಪ, ಗೇಟಿನ ಸೆನ್ಸರ್ ಲೈಟ್, ಬಚ್ಚಲಿನ ಗವಾಕ್ಷಿ, ಇವನ್ನು ಒಮ್ಮೆ ಹೊರಗೆ ನಿಂತು ನೋಡಿಕೊಳ್ಳಿ. ತುಳಸಿಕಟ್ಟೆಯ ದೀಪ ಏನು ಮಾಡುವುದು ಎಂದು ಒಬ್ಬರು ಅಜ್ಜಿ ಕೇಳಿ ಕಳಿಸಿದ್ದಾರೆ. ಅಂಥ ರಾತ್ರಿ ಬಂದರೆ ದೇವರ ಕೋಣೆಯೊಳಗೆ ಹಚ್ಚಿ ಅಜ್ಜಿ, ಸಾಕು.

ಇನ್ನು ‘ಎಮರ್ಜೆನ್ಸಿ’ ಸಂದೇಶಗಳು. 2025ರ ಮೇ 9ರಂದು ಕೇಂದ್ರವು ರಾಜ್ಯಗಳಿಗೆ ತುರ್ತು ಅಧಿಕಾರ ಬಳಸಲು ಬರೆದದ್ದನ್ನೇ ಹಿಡಿದುಕೊಂಡು ದೇಶದಲ್ಲಿ ಎಮರ್ಜೆನ್ಸಿ ಬಂತು ಎಂದು ಫಾರ್ವರ್ಡ್ ಮಾಡಿದವರಿದ್ದರು. ಅದು 1968ರ ಸಿವಿಲ್ ಡಿಫೆನ್ಸ್ ನಿಯಮಗಳ 11ನೇ ಕಲಂ. ರಕ್ಷಣೆಗೆ ಬೇಕಾದ ಸಾಮಾನನ್ನು ತಡವಿಲ್ಲದೆ ಖರೀದಿಸಲು ಇರುವ ದಾರಿ. ಸಂವಿಧಾನದ 352ನೇ ವಿಧಿಯ ತುರ್ತು ಪರಿಸ್ಥಿತಿ ಬೇರೆಯೇ. ಅದನ್ನು ಘೋಷಿಸಿದ್ದು 1962, 1971 ಮತ್ತು 1975ರಲ್ಲಿ ಮಾತ್ರ. 1978ರ ತಿದ್ದುಪಡಿಯ ನಂತರ ಅದಕ್ಕೆ ಸಂಪುಟದ ಲಿಖಿತ ಸಲಹೆ ಬೇಕು, ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆಯೂ ಬೇಕು. ವಾಟ್ಸಾಪಿನಲ್ಲಿ ಬರುವಂಥದ್ದಲ್ಲ.

ನಮ್ಮ ಮಟ್ಟಿಗೆ ಆದೇಶ ಬರಬೇಕಾದದ್ದು ಡಿಸಿಯವರಿಂದ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಅಗತ್ಯ ಬಿದ್ದರೆ ನಮ್ಮ ಶಾಲಾ ಬಸ್ಸು, ಕಟ್ಟಡ ಎರಡನ್ನೂ ವಶಕ್ಕೆ ಪಡೆಯಲು ಅದರಲ್ಲಿ ಅವಕಾಶವಿದೆ, ಪರಿಹಾರವೂ ಇದೆ. ಚುನಾವಣೆಗೆ ಬಸ್ಸು ಕೊಟ್ಟು ನಮಗೆ ಅಭ್ಯಾಸವೇ. ಮಳೆಗಾಲದಲ್ಲಿ ಹಳೆಯ ರಜೆ ಆದೇಶದ ದಿನಾಂಕ ತಿದ್ದಿ ಹಂಚುವ ಚಾಳಿ ಇದೆಯಲ್ಲ, ಯುದ್ಧದ ಹೊತ್ತಲ್ಲಿ ಅದು ತಮಾಷೆಯಾಗಿ ಉಳಿಯುವುದಿಲ್ಲ. ಸುಳ್ಳು ಎಚ್ಚರಿಕೆ ಹರಡಿ ಗಾಬರಿ ಹುಟ್ಟಿಸಿದರೆ ಇದೇ ಕಾಯ್ದೆಯ 54ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲಾಗಬಹುದು, ಇಲ್ಲವೇ ದಂಡ. ನಮ್ಮ ಹೈಸ್ಕೂಲ್ ಹುಡುಗರಿಗೆ ಇದನ್ನು ನೀವೂ ಸ್ವಲ್ಪ ಹೇಳಿ, ಮಾರಾಯ್ರೆ.

ಈ ಪತ್ರದ ಜೊತೆ ಒಂದು ಚೀಟಿ ಇದೆ. ಅಪಾಯ ಕಳೆದ ಮೇಲೆ ಮಗುವನ್ನು ಕರೆದುಕೊಂಡು ಹೋಗಲು ಬರುವ ಇಬ್ಬರ ಹೆಸರು, ಸಂಬಂಧ, ಫೋನ್ ನಂಬರ್ ಬರೆದು ಸೋಮವಾರದೊಳಗೆ ಕ್ಲಾಸ್ ಟೀಚರಿಗೆ ತಲುಪಿಸಿ. ಒಬ್ಬರಾದರೂ ಶಾಲೆಗೆ ನಡೆದು ಬರುವಷ್ಟು ಹತ್ತಿರದಲ್ಲಿರುವವರಾಗಿರಲಿ. ಚೀಟಿಯಲ್ಲಿ ಹೆಸರಿಲ್ಲದವರ ಜೊತೆ, ಸ್ವಂತ ಮಾವನೇ ಆದರೂ, ಮಗುವನ್ನು ಕಳಿಸುವುದಿಲ್ಲ.

ಇತಿ,
ಮುಖ್ಯ ಶಿಕ್ಷಕಿ