ಗೆಳೆಯನಿಗೊಂದು ಪತ್ರ: ಹೆಡ್‌ಮೇಷ್ಟ್ರಿಗೆ ಎಲ್ಲರ ಮುಖ ಗೊತ್ತು

ಪ್ರೀತಿಯ ಗೆಳೆಯಾ,

ದೇವನಹಳ್ಳಿ ಬಳಿಯ ಚನ್ನರಾಯಪಟ್ಟಣದ ರೈತರ ಧರಣಿಯ ವಿಡಿಯೊಗಳನ್ನೆಲ್ಲ ಒಂದು ಕಡೆ ಸೇರಿಸಿ ಇಡಬೇಕು, ಕಂಪನಿಗಳ ಕ್ಲೌಡ್ ಬೇಡ, ನಿಮ್ಮನೆ ಹೆಡ್‌ಮೇಷ್ಟ್ರಂಥದ್ದೇ ಒಂದು ಡಬ್ಬಿ ಹಾಕಿಕೊಡು ಅಂದಿದ್ದೆಯಲ್ಲ, ಅದಕ್ಕೆ ಉತ್ತರ ಇದು. (ಹೆಡ್‌ಮೇಷ್ಟ್ರು ಅಂದರೆ ನಮ್ಮ ಮನೆಯಲ್ಲಿ ಫೋಟೊ, ಫೈಲುಗಳನ್ನು ಇಟ್ಟುಕೊಂಡು ಓಡುವ ಪುಟ್ಟ ಸರ್ವರ್ ಕಂಪ್ಯೂಟರ್.) ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ಪ್ರಶ್ನೆ ಇಟ್ಟುಕೊಂಡ ಸಂಘಟನೆಗಳು ಬೇಕಾದಷ್ಟಿವೆ.

ದೇವನಹಳ್ಳಿ ತಾಲ್ಲೂಕಿನ 13 ಹಳ್ಳಿಗಳ 1,777 ಎಕರೆ ಉಳಿಸಿಕೊಳ್ಳಲು 2022ರ ಏಪ್ರಿಲ್ 4ಕ್ಕೆ ಕೂತವರು, 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಡುತ್ತೇವೆ ಎನ್ನುವವರೆಗೆ ಬಿಡಲಿಲ್ಲ. ಮೂರು ವರ್ಷ ದಾಟಿದ ಆ ಧರಣಿಯ ದಾಖಲೆ ಈಗ ಹತ್ತಾರು ಫೋನುಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದು ಹಂಚಿಹೋಗಿದೆ. ಗುಂಪಿನಲ್ಲಿರುವುದು ಮೂಲ ಅಲ್ಲ ಕಣೋ. ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತದೆ, ಯಾವಾಗ, ಎಲ್ಲಿ ತೆಗೆದದ್ದು ಅನ್ನುವ ಮಾಹಿತಿ ದಾರಿಯಲ್ಲೇ ಉದುರಿಹೋಗುತ್ತದೆ. ಹಾಗಾಗಿ ತೆಗೆದವರ ಫೋನಿನಿಂದಲೇ ಕೇಬಲ್ ಹಾಕಿ ಇಳಿಸಿಕೋ. ಆಗದಿದ್ದರೆ ಗ್ಯಾಲರಿಯಿಂದ ಕಳಿಸುವ ಬದಲು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳು, ಹಾಗೆ ಬಂದರೆ ಫೈಲು ಇದ್ದ ಹಾಗೇ ಇರುತ್ತದೆ. 1080ಪಿಯ ವಿಡಿಯೊ ನಿಮಿಷಕ್ಕೆ ಹೆಚ್ಚುಕಡಿಮೆ 125 ಎಂಬಿ, ಗಂಟೆಗೆ ಏಳೂವರೆ ಜಿಬಿ. 4 ಟಿಬಿಯ ಒಂದು ಡಿಸ್ಕಿನಲ್ಲಿ ಐನೂರು ಗಂಟೆ ಹಿಡಿಯುತ್ತದೆ. ಅಂಥ ಎರಡು ತಗೋ, ಒಂದು ಕೆಲಸಕ್ಕೆ, ಇನ್ನೊಂದು ಬೇರೆ ಊರಿನಲ್ಲಿಡುವ ಪ್ರತಿಗೆ.

ಯಂತ್ರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆಫೀಸುಗಳು ಮಾರಿದ ಹಳೆಯ ಮಿನಿ ಪಿಸಿ ಸಿಗುತ್ತವೆ. ಇಂಟೆಲ್‌ನ ಎಂಟನೇ ಪೀಳಿಗೆಯ ಐ5, 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದ್ದರೆ ಧಾರಾಳವಾಯಿತು. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಇದೆಯಲ್ಲ ಅನ್ನುತ್ತೀಯ. ಇದೆ, ಆದರೆ ಹೆಚ್ಚಿನವರು ಅದನ್ನು ಎಸ್‌ಡಿ ಕಾರ್ಡಿನಲ್ಲಿ ಓಡಿಸುತ್ತಾರೆ. ಡೇಟಾಬೇಸ್ ಸದಾ ಬರೆಯುತ್ತಲೇ ಇರುವುದರಿಂದ ಕಾರ್ಡು ಸವೆಯುತ್ತದೆ, ಬರೆಯುವಾಗಲೇ ಕರೆಂಟ್ ಹೋದರೆ ಫೈಲ್‌ಸಿಸ್ಟಂ ಕೆಡುತ್ತದೆ. ಮಿನಿ ಪಿಸಿ ಸುಮ್ಮನೆ ಕೂತಾಗ 12 ವಾಟ್ ಅಂತ ಹಿಡಿದರೂ ತಿಂಗಳಿಗೆ ಒಂಬತ್ತು ಯೂನಿಟ್ ಒಳಗೇ. ಗೃಹಜ್ಯೋತಿಯ ಅಂಚಿನಲ್ಲಿರುವ ಮನೆಯಾದರೆ ಅದನ್ನೂ ಲೆಕ್ಕಕ್ಕೆ ತಗೋ.

ಕರೆಂಟಿಗೆ 600 ವಿಎ ಯುಪಿಎಸ್ ಸಾಕು, ಆದರೆ ಯುಎಸ್‌ಬಿ ಕೇಬಲ್ ಇರುವಂಥದ್ದೇ ಆಗಬೇಕು. ಆ ಕೇಬಲ್ ಇದ್ದರೆ ನಟ್ ಅನ್ನುವ ತಂತ್ರಾಂಶ ಬ್ಯಾಟರಿ ತಳ ಮುಟ್ಟುವ ಮೊದಲೇ ಯಂತ್ರವನ್ನು ಸರಿಯಾಗಿ ಆರಿಸುತ್ತದೆ. ಕೇಬಲ್ ಇಲ್ಲದ ಯುಪಿಎಸ್ ಅಂದರೆ ಹದಿನೈದು ನಿಮಿಷ ತಡವಾಗಿ ಬರುವ ಪವರ್ ಕಟ್, ಅಷ್ಟೇ. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದರ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆಗಿಡು. ಇನ್ನೊಂದು ಕಡೆಗಿದ್ದರೆ ಬದಲಾಗಲು ಹೆಚ್ಚು ಹೊತ್ತು ತಗೊಂಡು ಕಂಪ್ಯೂಟರ್ ಮತ್ತೆ ಚಾಲೂ ಆಗುತ್ತದೆ.

ಹೊರಗಿನಿಂದ ತಲುಪುವುದು ಹೇಗೆ? ರೌಟರಿನ ಪುಟದಲ್ಲಿ ವ್ಯಾನ್ ವಿಳಾಸ (ಇಂಟರ್ನೆಟ್ ಕಂಪನಿ ರೌಟರಿಗೆ ಕೊಟ್ಟ ಅಂಕೆ) ನೋಡು. ಅದು 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮ ಸಂಪರ್ಕ ಸಿಜಿನ್ಯಾಟ್ ಹಿಂದೆ ಇದೆ, ಅಂದರೆ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಹೊರಗಿನಿಂದ ಒಳಬರಲು ಪೋರ್ಟ್ ತೆರೆಯಲು ಎಷ್ಟು ಒದ್ದಾಡಿದರೂ ಆಗದು. ಇಲ್ಲದಿದ್ದರೂ ತೆರೆಯಬೇಡ. ಟೇಲ್‌ಸ್ಕೇಲ್ ಅನ್ನುವ ಖಾಸಗಿ ಸುರಂಗದಂಥ ತಂತ್ರಾಂಶ ಹಾಕಿ, ಬೇಕಾದ ನಾಲ್ಕು ಫೋನುಗಳಿಗೆ ಮಾತ್ರ ದಾರಿ ಕೊಡು. ಇಂಟರ್ನೆಟ್ ನಿಲ್ಲಿಸಿದರೆ ಇದ್ಯಾವುದೂ ನಡೆಯುವುದಿಲ್ಲ ಅನ್ನುವುದು ನೆನಪಿರಲಿ. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಮೊಬೈಲ್ ಡೇಟಾ ನಿಲ್ಲಿಸಿದ್ದರು. ಅಂಥ ಹೊತ್ತಿಗೆ ಸಿಂಕ್‌ಥಿಂಗ್ ಅನ್ನುವ ತಂತ್ರಾಂಶ ಇಟ್ಟುಕೋ. ಒಂದು ಫೋನಿನ ಹಾಟ್‌ಸ್ಪಾಟ್‌ಗೆ ಎಲ್ಲರೂ ಸೇರಿಕೊಂಡರೆ, ಹೊರಗಿನ ಇಂಟರ್ನೆಟ್ ಇಲ್ಲದೆಯೂ ಟೆಂಟಿನೊಳಗೇ ಫೈಲುಗಳು ಒಂದರಿಂದ ಒಂದಕ್ಕೆ ಹೋಗುತ್ತವೆ.

ಫೋಟೊ ವಿಡಿಯೊ ಜೋಡಿಸಲು ಇಮ್ಮಿಚ್ ಅನ್ನುವ ತಂತ್ರಾಂಶ. ನನ್ನ ನಿದ್ದೆ ಕೆಡಿಸಿರುವುದು ಇದೇ.

ಅದರಲ್ಲಿ ‘ಪೀಪಲ್’ ಅಂತ ಒಂದು ಭಾಗ ಇದೆ. ಹಾಕಿದ ಪ್ರತಿ ಚಿತ್ರದಲ್ಲೂ ಮುಖ ಹುಡುಕಿ, ಒಂದೇ ಮುಖದವನ್ನೆಲ್ಲ ಒಂದು ಕಡೆ ಸೇರಿಸಿ, ಹೆಸರು ಬರೆಯಿರಿ ಅಂತ ಕಾಯುತ್ತದೆ. ಮನೆಯ ಫೋಟೊಗಳಿಗೆ ಇದರಷ್ಟು ಚೆಂದದ್ದು ಇನ್ನೊಂದಿಲ್ಲ. ಅಜ್ಜಿಯ ಮುಖ ಮುಟ್ಟಿದರೆ ಮದುವೆ, ನಾಮಕರಣ, ಜಾತ್ರೆ ಎಲ್ಲ ಸಾಲಾಗಿ ಬರುತ್ತವೆ. ಅದೇ ಡಬ್ಬಿಗೆ ಧರಣಿಯ ಫೋಟೊ ಹಾಕಿದರೆ ಏನಾಗುತ್ತದೆ ಯೋಚಿಸು. ಯಾರು ಯಾವ ದಿನ ಬಂದರು, ಯಾರ ಪಕ್ಕ ಕೂತರು, ಯಾವಾಗ ಬರುವುದು ನಿಲ್ಲಿಸಿದರು, ಎಲ್ಲ ಎರಡು ಬೆರಳೊತ್ತಿನಲ್ಲಿ ಸಿಗುತ್ತದೆ. ಪೊಲೀಸರ ಕ್ಯಾಮೆರಾಗಳಿಗೆ ಮುಖ ಗುರುತಿಸುವ ತಂತ್ರಾಂಶ ಬೇಡ ಅಂತ ನಾವು ಬ್ಯಾನರ್ ಹಿಡಿಯುತ್ತೇವೆ. ಆ ಪಟ್ಟಿಯನ್ನು ನಮ್ಮದೇ ಡಬ್ಬಿ, ಯಾರೂ ಹೇಳದೆ, ರಾತ್ರಿ ಕೂತು ಬರೆದು ಮುಗಿಸುತ್ತದೆ. ಹಾಕಿದಾಗಿನಿಂದಲೇ ಚಾಲೂ ಇರುವ ಸೌಲಭ್ಯ ಅದು. ತಂತ್ರಾಂಶದ ತಪ್ಪೇನೂ ಇಲ್ಲ, ಅದನ್ನು ಕಟ್ಟಿರುವುದು ಸಂಸಾರಗಳಿಗಾಗಿ.

ಸೆಟ್ಟಿಂಗ್ಸ್‌ನಲ್ಲಿ ಆರಿಸಬಹುದು, ಆದರೆ ಆರಿಸಿದ ಮಾತ್ರಕ್ಕೆ ಹಿಂದೆ ಮಾಡಿಟ್ಟದ್ದೂ ಅಳಿಯಿತು ಅಂತ ನಂಬಬೇಡ. ಅದಲ್ಲದೆ ಇಮ್ಮಿಚ್ ದಿನವೂ ರಾತ್ರಿ ತನ್ನ ಡೇಟಾಬೇಸಿನ ಪ್ರತಿ ತೆಗೆದಿಡುತ್ತದೆ. ಮುಖಗಳ ಪಟ್ಟಿ ಆ ಪ್ರತಿಗಳಲ್ಲೂ, ನೀನು ಬೇರೆ ಊರಿಗೆ ಕಳಿಸಿದ ಬ್ಯಾಕಪ್ಪಿನಲ್ಲೂ ಕೂತಿರುತ್ತದೆ. ಆದ್ದರಿಂದ ಹೋರಾಟಕ್ಕೆಂದೇ ಬೇರೆ ಇಮ್ಮಿಚ್ ಹಾಕು, ಅದರ ಯಾವ ಯಾವ ಭಾಗ ಓಡಬೇಕು ಅಂತ ಬರೆದಿರುವ ಡಾಕರ್ ಕಂಪೋಸ್ ಫೈಲಿನಲ್ಲಿ, ಮುಖ ಹುಡುಕುವ ‘ಮಷೀನ್ ಲರ್ನಿಂಗ್’ ಭಾಗದ ಸಾಲುಗಳನ್ನು ಮೊದಲೇ ತೆಗೆದುಹಾಕು, ಸೆಟ್ಟಿಂಗ್ಸ್‌ನಲ್ಲೂ ಆರಿಸು, ಆಮೇಲೆ ಮೊದಲ ಫೋಟೊ ಹಾಕು. ಕ್ರಮ ಇದೇ ಇರಲಿ. ‘ಕೆಂಪು ಬ್ಯಾನರ್’ ಅಂತ ಬರೆದು ಹುಡುಕುವ ಸೌಲಭ್ಯವೂ ಇದರ ಜೊತೆ ಹೋಗುತ್ತದೆ. ಹೋಗಲಿ ಬಿಡು. ಊರು, ತಾರೀಕು ಹಾಕಿ ಆಲ್ಬಮ್ ಮಾಡಿದರೆ ಸಾಕು.

ಹಾಗಾದರೆ ಎಲ್ಲರ ಮುಖ ಮಸುಕು ಮಾಡಿ ಮೂಲ ಅಳಿಸೋಣವೇ? ಬೇಡ. ಲಾಠಿ ಬೀಸಿದ್ದು ಯಾರು ಅಂತ ಕೋರ್ಟಿನಲ್ಲಿ ತೋರಿಸಲು ಮೂಲವೇ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರ ಒಂದು ಭಾಗ ದಾಖಲೆ ಹಾಜರುಪಡಿಸುವವರು ತುಂಬುವುದು, ಇನ್ನೊಂದು ಪರಿಣತರು ತುಂಬುವುದು, ಎರಡರಲ್ಲೂ ಫೈಲಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಅಂಕೆ-ಅಕ್ಷರಗಳ ಸಾಲು, ಬರೆಯಬೇಕು. ಆದ್ದರಿಂದ ಫೈಲು ಇಳಿಸಿದ ದಿನವೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ತೆಗೆದವರು ಯಾರು, ಯಾವ ಫೋನು, ಯಾರ ಕೈಯಿಂದ ಬಂತು ಅಂತ ಜೊತೆಗೆ ಬರೆದಿಡು. ಆಮೇಲೆ ಆ ಫೈಲನ್ನು ತಿರುಗಿಸುವುದು, ಕತ್ತರಿಸುವುದು ಯಾವುದೂ ಬೇಡ. ಒಂದೇ ಒಂದು ಬೈಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆ ಬರುತ್ತದೆ.

ಹಂಚುವುದಕ್ಕೆ ಬೇರೆ ಪ್ರತಿ ಮಾಡಿಕೋ. ಫೋಟೊ ಆದರೆ ಎಕ್ಸಿಫ್‌ಟೂಲ್‌ನಿಂದ, ವಿಡಿಯೊ ಆದರೆ ಎಫ್‌ಎಫ್‌ಎಂಪೆಗ್‌ನಿಂದ ಒಳಗಿನ ಮಾಹಿತಿ ತೆಗೆ. ಸಿಗ್ನಲ್ ಅನ್ನುವ ಮೆಸೇಜ್ ಆ್ಯಪ್‌ನಲ್ಲಿ ಮುಖ ಮಸುಕು ಮಾಡುವ ಉಪಕರಣ ಇದೆ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ವಿರುದ್ಧ ಜನ ಬೀದಿಗಿಳಿದಾಗ, 2020ರ ಜೂನಿನಲ್ಲಿ, ಅವರು ಸೇರಿಸಿದ್ದು. ನನ್ನನ್ನು ಕೇಳಿದರೆ ಮಸುಕಿಗಿಂತ ಗಟ್ಟಿ ಕಪ್ಪು ಚೌಕ ಮೇಲು, ಚೌಕ ಚೌಕವಾಗಿ ಒಡೆದ ಮುಖದಿಂದ ಗುರುತು ಹಿಡಿಯುವ ವಿಧಾನಗಳಿವೆ. ಮುಖ ಮುಚ್ಚಿದರೂ ದನಿ ಇರುತ್ತದೆ, ಕೈಯ ಹಚ್ಚೆ ಇರುತ್ತದೆ, ಹಿಂದೆ ನಿಂತ ಬೈಕಿನ ನಂಬರ್ ಇರುತ್ತದೆ. ಒಂದು ಸಲ ಪೂರ್ತಿ ನೋಡಿಯೇ ಹಂಚು.

ಮೂಲ ಇರುವ ಡಿಸ್ಕಿಗೆ ಲಕ್ಸ್ ಅನ್ನುವ ಗೂಢಲಿಪೀಕರಣ, ಅಂದರೆ ಗುಟ್ಟಿನ ಪದ ಇಲ್ಲದೆ ಓದಲಾಗದಂಥ ಬೀಗ, ಹಾಕು. ಇಡೀ ಯಂತ್ರಕ್ಕೆ ಹಾಕಿದರೆ ಪ್ರತಿ ಪವರ್ ಕಟ್ ಆದಮೇಲೂ ಸಾಮಾನ್ಯವಾಗಿ ಯಾರಾದರೂ ಕೀಬೋರ್ಡ್ ಮುಂದೆ ಕೂತು ಪಾಸ್‌ಫ್ರೇಸ್ (ಉದ್ದನೆಯ ಪಾಸ್‌ವರ್ಡ್) ಹೊಡೆಯಬೇಕು, ನಮ್ಮ ಕಡೆ ಅದು ಆಗದ ಮಾತು. ಸಿಸ್ಟಂ ಡಿಸ್ಕ್ ತೆರೆದಿರಲಿ, ಮಾಹಿತಿಯ ಡಿಸ್ಕಿಗೆ ಮಾತ್ರ ಬೀಗ. ಯಂತ್ರ ತಾನೇ ಏಳುತ್ತದೆ, ಆಮೇಲೆ ದೂರದಿಂದಲೇ ಲಾಗಿನ್ ಆಗಿ ಬೀಗ ತೆಗೆಯಬಹುದು. ಬೇರೆ ಊರಿನ ಪ್ರತಿಗೆ ರೆಸ್ಟಿಕ್ ಅನ್ನುವ ಬ್ಯಾಕಪ್ ತಂತ್ರಾಂಶ, ಅದು ತಾನಾಗಿಯೇ ಗೂಢಲಿಪಿಯಲ್ಲಿಡುತ್ತದೆ. ತಿಂಗಳಿಗೊಮ್ಮೆ ನಾಲ್ಕು ಫೈಲು ವಾಪಸ್ ತೆಗೆದು ಹ್ಯಾಶ್ ತಾಳೆ ನೋಡು.

ಇನ್ನೊಂದು ಮಾತು ಇದೆ, ಇದನ್ನು ಇಲ್ಲಿ ಬರೆಯಬೇಕು ಅಂದುಕೊಂಡಿರಲಿಲ್ಲ.

ಕ್ಲೌಡಿನಲ್ಲಿದ್ದರೆ, ಫೈಲು ಕೊಡಿ ಅಂತ ಪೊಲೀಸರು ಕೇಳುವ ಕಾಗದ ಕಂಪನಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿಟ್ಟರೆ ನನಗೇ ಬರುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಡಿ ಡಿಜಿಟಲ್ ಸಾಧನಗಳನ್ನೂ ಹಾಜರುಪಡಿಸಿ ಅನ್ನಬಹುದು. ಕೇಳಿದ ಮೇಲೆ ಅಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 241ರ ಪ್ರಕಾರ ಅದೇ ಅಪರಾಧ. ಸ್ವಂತ ಸರ್ವರ್ ಅಂದರೆ ಸ್ವಾತಂತ್ರ್ಯ ಅಂತ ನಾನು ಎಷ್ಟು ಜನಕ್ಕೆ ಹೇಳಿಲ್ಲ! ಹೌದು, ನನ್ನ ಫೋಟೊಗಳ ಮಟ್ಟಿಗೆ ನಿಜ. ಆದರೆ ಬಾಗಿಲ ಮುಂದೆ ನಾಲ್ಕು ಜನ ನಿಂತು, ಒಳಗೆ ಅಪ್ಪ ಅಮ್ಮ ಇರುವಾಗ, ಪಾಸ್‌ಫ್ರೇಸ್ ಹೇಳಿ ಅಂದರೆ ನಾನು ಎಷ್ಟು ಹೊತ್ತು ಸುಮ್ಮನಿದ್ದೇನು? ನನಗೆ ನನ್ನ ಮೇಲೇ ನಂಬಿಕೆ ಇಲ್ಲ ಕಣೋ. ಭಯ ಆಗುತ್ತದೆ. ಬಿಸಿಲಿನಲ್ಲಿ ಕೂತ ಆ ಹೆಂಗಸರು ತಮ್ಮ ಮುಖವನ್ನು ತಾವೇ ಒಡ್ಡಿ ಕೂತರು, ಅದು ಅವರ ಧೈರ್ಯ. ಆ ಮುಖಗಳನ್ನು ತಂದು ನನ್ನ ಧೈರ್ಯಕ್ಕೆ ಒತ್ತೆ ಇಡುವುದು ನ್ಯಾಯವಲ್ಲ. ಪೊಲೀಸರ 2021ರ ಆದೇಶದಿಂದೀಚೆಗೆ ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಅಷ್ಟೇ, ಹಳೆಯ ಸೆಂಟ್ರಲ್ ಜೈಲಿನ ಜಾಗ. ಬಂದವರನ್ನು ನೋಡಲು ಬೀದಿ ಕ್ಯಾಮೆರಾಗಳೇ ಸಾಕಷ್ಟಿವೆ. ನಾವೂ ಒಂದು ಸೇರಿಸುವುದು ಬೇಡ.

ಅದಕ್ಕೇ ಡಬ್ಬಿ ನಮ್ಮ ಮನೆಯಲ್ಲಿ ಬೇಡ. ಹೋರಾಟ ಸಮಿತಿಯ ಕಚೇರಿಯಲ್ಲಿರಲಿ. ಪಾಸ್‌ಫ್ರೇಸ್ ಕಾಗದದ ಮೇಲೆ ಬರೆದು, ಅರ್ಧ ಒಬ್ಬರ ಹತ್ತಿರ, ಅರ್ಧ ಇನ್ನೊಬ್ಬರ ಹತ್ತಿರ, ಒಂದು ಪೂರ್ತಿ ಪ್ರತಿ ನಿಮ್ಮ ವಕೀಲರ ಹತ್ತಿರ. ಯಾವ ವಿಡಿಯೊ ಎಷ್ಟು ಕಾಲ ಇಡಬೇಕು, ಯಾವುದನ್ನು ಯಾವಾಗ ತೆಗೆಯಬೇಕು ಅಂತ ಈಗಲೇ, ಯಾರೂ ಕೇಳುವ ಮೊದಲೇ, ವಕೀಲರನ್ನೂ ಕೂರಿಸಿಕೊಂಡು ಸಭೆಯಲ್ಲಿ ನಿರ್ಣಯ ಬರೆಯಿರಿ. ನಾನು ಬಂದು ಜೋಡಿಸಿ, ಇಬ್ಬರು ಹುಡುಗಿಯರಿಗೆ ಕಲಿಸಿ, ನನ್ನ ಲಾಗಿನ್ ಅಳಿಸಿ ವಾಪಸ್ ಬರುತ್ತೇನೆ. ಹುಡುಗಿಯರೇ ಯಾಕೆ ಅಂದರೆ, ಹೋದ ಸಲ ನಿಮ್ಮ ಹುಡುಗರು ಎಕ್ಸ್‌ಟೆನ್ಶನ್ ಬಾಕ್ಸಿಗೆ ಮಾಡಿದ್ದು ನಿನಗೂ ನೆನಪಿದೆ.

ನಿಮ್ಮ ಗೇಟಿನ ಕ್ಯಾಮೆರಾ ರಸ್ತೆಯನ್ನೂ ನೋಡುತ್ತದೆ, ಮೆರವಣಿಗೆ ಅದರ ಮುಂದೆಯೇ ಹೋಗುವುದು. ಅದನ್ನು ರೆಕಾರ್ಡ್ ಮಾಡುವ ಫ್ರಿಗೇಟ್ ತಂತ್ರಾಂಶದಲ್ಲಿ ಹಾಕುವ ಮೋಷನ್ ಮಾಸ್ಕ್ ಚಲನೆಯನ್ನು ಕಡೆಗಣಿಸುತ್ತದೆ ಅಷ್ಟೇ, ರೆಕಾರ್ಡಿಂಗ್‌ನಲ್ಲಿ ರಸ್ತೆ ಹಾಗೇ ಇರುತ್ತದೆ. ಹೆಚ್ಚಿನ ಕ್ಯಾಮೆರಾಗಳ ಸ್ವಂತ ಸೆಟ್ಟಿಂಗ್ಸ್ ಪುಟದಲ್ಲಿ ‘ಪ್ರೈವೆಸಿ ಮಾಸ್ಕ್’ ಅಂತ ಇರುತ್ತದೆ. ರಸ್ತೆಯ ಭಾಗಕ್ಕೆ ಅಲ್ಲೇ ಕಪ್ಪು ಬಳಿ.

ಭಾನುವಾರ ಬರುತ್ತೇನೆ. ಯುಪಿಎಸ್ ನೀನೇ ತಂದಿಡು, ಯುಎಸ್‌ಬಿ ಇರುವುದು. ಊಟಕ್ಕೆ ಮುದ್ದೆ ಬಸ್ಸಾರು ಇದ್ದರೆ ಕೆಲಸ ಬೇಗ ಮುಗಿಯುತ್ತದೆ.

ನಿನ್ನ
ಗೆಳೆಯ