"ಖಾಲಿ ಐತಿ" ಅನ್ನುವ ಮೊದಲು ಒಳಗೆ ನೋಡಿ

ಸಂಪಾದಕರೇ,

ಮಹಾನವಮಿ ಬಂತೆಂದರೆ ನಮ್ಮ ಹಾವೇರಿ, ಗದಗ ಕಡೆ ಖಂಡೆ ಪೂಜೆಗೆ ಕುಡಗೋಲು, ಕೊಡಲಿ, ಟ್ರ್ಯಾಕ್ಟರ್ ಜೊತೆ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಬಂದೂಕೂ ಟ್ರಂಕಿನಿಂದ ಹೊರಗೆ ಬರುತ್ತದೆ. ಕುಂಕುಮ ಹಚ್ಚಿ, ಹುಡುಗರ ಕೈಗೆ ಕೊಟ್ಟು ಫೋಟೊ ತೆಗೆಯುತ್ತಾರೆ. "ಖಾಲಿ ಐತಿ, ಹೆದರಬ್ಯಾಡ್ರಿ" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಎದೆ ಝಲ್ ಅನ್ನುತ್ತದೆ.

ನಾನು 12 ವರ್ಷದವನಿದ್ದಾಗ ಬ್ಯಾಡಗಿ ಹತ್ತಿರದ ಸೋದರಮಾವನ ಮನೆಯಲ್ಲಿ ವಿಂಚೆಸ್ಟರ್ ಎಂಬ ಅಮೆರಿಕದ ಕಂಪನಿಯ ಒಂದು ಹಳೇ ಲಿವರ್ ರೈಫಲ್ ಇತ್ತು. ಟ್ರಿಗರ್ ಸುತ್ತ ಬಳೆಯಂಥ ಹಿಡಿ ಇರುತ್ತದಲ್ಲ, ಅದನ್ನು ಕೆಳಗೆ ತಳ್ಳಿದರೆ ಸುಟ್ಟ ಕಾಡತೂಸಿನ ಖಾಲಿ ಕೇಸು ಹೊರಗೆ ಹಾರುತ್ತದೆ, ಮೇಲೆ ಎಳೆದರೆ ಹೊಸ ಕಾಡತೂಸು ನಳಿಗೆಗೆ ಕೂರುತ್ತದೆ. ಪೂಜೆ ದಿನ ನೆಂಟರೊಬ್ಬರು ನೋಡೇ ಬಿಡೋಣ ಎಂದು ಲಿವರ್ ತೆರೆದರು. ಏನೂ ಬೀಳಲಿಲ್ಲ. ಖಾಲಿ ಐತಿ ಅಂದರು, ಲಿವರ್ ಮುಚ್ಚಿದರು, ಟ್ರಿಗರ್ ಒತ್ತಿದರು. ಗುಂಡು ಮಾಳಿಗೆಯ ಜಂತಿಗೆ ಹೊಕ್ಕಿತು. ಅದರಿಂದ ಎರಡೇ ಮಾರು ದೂರದಲ್ಲಿ ನಮ್ಮ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು.

ನಳಿಗೆ ಖಾಲಿ ಇದ್ದದ್ದು ನಿಜ. ಆದರೆ ನಳಿಗೆಯ ಕೆಳಗಿನ ಕೊಳವೆಯಲ್ಲಿ ಕಾಡತೂಸು ಉಳಿದಿದ್ದವು, ಲಿವರ್ ತೆರೆದು ಮುಚ್ಚಿದ್ದಕ್ಕೇ ಒಂದು ಮೇಲೆ ಬಂತು. ಖಾಲಿ ಇದೆಯಾ ಎಂದು ನೋಡಲು ಹೋಗಿ ಅವರೇ ಬಂದೂಕು ತುಂಬಿದ್ದರು! ಇದನ್ನು ನಾನು ತಿಳಿದುಕೊಂಡದ್ದು ಎಷ್ಟೋ ವರ್ಷದ ಮೇಲೆ, ಸೈನ್ಯ ಸೇರಿ ಬಂದೂಕು ಬಿಚ್ಚಿ ಜೋಡಿಸಲು ಕಲಿತ ನಂತರ.

ಇಂಥ ರೈಫಲ್ ಖಾಲಿ ಮಾಡುವಾಗ ನಳಿಗೆಯ ಬಾಯಿ ಯಾರೂ ಇಲ್ಲದ ಕಡೆ, ಮಣ್ಣಿನ ದಿಬ್ಬದ ಕಡೆ ಇರಬೇಕು. ಬೆರಳು ಟ್ರಿಗರ್ ಹತ್ತಿರ ಸುಳಿಯಬಾರದು. ಒಂದು ಸಲ ಏನೂ ಬೀಳಲಿಲ್ಲ ಎಂದು ಬಿಡದೆ, ಕಾಡತೂಸು ಬರುವುದು ಪೂರ್ತಿ ನಿಲ್ಲುವ ತನಕ ಲಿವರ್ ತೆರೆದು ಮುಚ್ಚಿ ಆಡಿಸುತ್ತಲೇ ಇರಬೇಕು, ಆಮೇಲೆ ತೆರೆದೇ ಇಟ್ಟು ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಹಳೆಯ ವಿಂಚೆಸ್ಟರ್‌ಗಳಲ್ಲಿ ಬೇರೆ ಸೇಫ್ಟಿ ಬಟನ್ ಇಲ್ಲ, ಗುಂಡು ಸಿಡಿಸಲು ಬಡಿಯುವ ಹ್ಯಾಮರನ್ನು ಹೆಬ್ಬೆರಳಿಂದ ಹಿಡಿದು ಅರ್ಧಕ್ಕೆ ನಿಲ್ಲಿಸುವ ಗಾಟು ಒಂದೇ. ಹೆಬ್ಬೆರಳು ಜಾರಿದರೆ ಮುಗಿಯಿತು.

ಕಾಡತೂಸಿನ ವಿಷಯವೂ ಹಾಗೇ. 1894ರ ವಿಂಚೆಸ್ಟರ್ ಅನ್ನು ಜಾನ್ ಬ್ರೌನಿಂಗ್ ಎಂಬ ಅಮೆರಿಕದವರು ರೂಪಿಸಿದರು, ಅಲ್ಲಿನ ಕಾಡಿನಲ್ಲಿ ಹತ್ತಿರದಿಂದ ಜಿಂಕೆ ಹೊಡೆಯಲು ಜನ ಅದನ್ನು ಬಹಳ ಬಳಸಿದರು. ಅದರ ಕೊಳವೆಯಲ್ಲಿ ಕಾಡತೂಸು ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ತಳದಲ್ಲಿರುವ, ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗೆ ತಾಗುತ್ತದೆ. ಗಟ್ಟಿ ಚೂಪು ಮೂತಿಯ ಗುಂಡು ಹಾಕಿದರೆ ಧಕ್ಕೆಗೆ ಕೊಳವೆಯೊಳಗೇ ಸಿಡಿಯಬಹುದು. ಅದಕ್ಕೇ ಚಪ್ಪಟೆ ಮೂತಿಯದ್ದು ಬೇಕು. ಸೈಜು ಹೊಂದುತ್ತೆ ಎಂದು ಸುಮ್ನೆ ಯಾವುದನ್ನೋ ತುರುಕಬೇಡಿ, ನಳಿಗೆ ಮೇಲೆ ಬರೆದದ್ದೂ ಕಾಡತೂಸಿನ ತಳದಲ್ಲಿ ಬರೆದದ್ದೂ ಒಂದೇ ಇರಬೇಕು.

ನಮ್ಮ ಕಡೆ ಲಿವರ್ ರೈಫಲ್ ಅಪರೂಪ, ಬೆಳೆ ಕಾಯಲು ಲೈಸೆನ್ಸ್ ಪಡೆದವರಲ್ಲಿ ಒಂಟಿ ನಳಿಗೆ, ಜೋಡಿ ನಳಿಗೆಯವೇ ಜಾಸ್ತಿ. ಯಾವುದೇ ಇರಲಿ, ಗೋವಿನಜೋಳದಲ್ಲಿ ಏನೋ ಅಲುಗಾಡಿತು ಎಂದು ಹೊಡೆಯಬೇಡಿ, ಅದು ನೀರು ಬಿಡಲು ಬಂದ ಮನುಷ್ಯ ಇರಬಹುದು. ನರಗುಂದ, ರೋಣದ ಎರೆ ಹೊಲದಲ್ಲಿ ಗುಂಡನ್ನು ತಡೆಯಲು ಗುಡ್ಡವಿಲ್ಲ, ಗಿಡವಿಲ್ಲ. ಸಣ್ಣ .22 ರೈಫಲ್ ಗುಂಡೇ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ಹೋಗಬಲ್ಲದು. ಚಿಗರಿಯಂತೂ (ಕೃಷ್ಣಮೃಗ) ಕಾನೂನಿನ ರಕ್ಷಣೆ ಇರುವ ಪ್ರಾಣಿ, ಅದರ ಮೇಲೆ ಗುರಿ ಇಡುವ ಮಾತೇ ಬೇಡ.

ಸೋದರಮಾವ ತೀರಿದ ಮೇಲೆ ಆ ರೈಫಲ್ ವರ್ಷಗಟ್ಟಲೆ ಟ್ರಂಕಿನಲ್ಲೇ ಇತ್ತು. ಲೈಸೆನ್ಸ್ ಇದ್ದವರು ಹೋದರೆ ಠಾಣೆಗೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಒಪ್ಪಿಸಬೇಕು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಇದೂ ಎಷ್ಟು ಜನಕ್ಕೆ ಗೊತ್ತು?

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಮಾತಿದೆ. ಅದಕ್ಕಿಂತ ಮೊದಲು ಲೈಸೆನ್ಸ್ ಪಡೆದ ಹಿರಿಯರಿಗೆ ಹೇಳಿಕೊಟ್ಟವರು ಯಾರು? ಚುನಾವಣೆ ಬಂದಾಗ ಬಂದೂಕು ಒಪ್ಪಿಸಲು ಲೈಸೆನ್ಸ್‌ದಾರರು ಹೇಗೂ ಠಾಣೆಗೆ ಬರುತ್ತಾರೆ. ಆ ದಿನ ಅರ್ಧ ತಾಸು ಅವರನ್ನು ಕೂರಿಸಿ, ಅವರವರ ಬಂದೂಕು ಖಾಲಿ ಮಾಡುವುದನ್ನು ತೋರಿಸಿದರೆ ಸಾಕು. ಪೊಲೀಸ್ ಇಲಾಖೆ ಒಪ್ಪಿದರೆ ಹಾವೇರಿ ಜಿಲ್ಲೆಯ ಯಾವ ಠಾಣೆಗಾದರೂ ನಾನು ನನ್ನ ಖರ್ಚಿನಲ್ಲೇ ಬಂದು ಹೇಳಿಕೊಡುತ್ತೇನೆ.

— ಒಬ್ಬ ಮಾಜಿ ಸೈನಿಕ, ರಾಣೆಬೆನ್ನೂರು